ಸಣ್ಣ ಡ್ಯುಯಲ್-ಸ್ಪೋರ್ಟ್ ಬೈಕಲ್ಲಿ ಆ 140 ಕೆಜಿ ಎಲ್ಲೆಲ್ಲಿ ಕೂತಿರತ್ತೆ?

ಡ್ಯುಯಲ್-ಸ್ಪೋರ್ಟ್ ಅಂದ್ರೆ ನಂಬರ್ ಪ್ಲೇಟ್ ಹಾಕಿ ರಸ್ತೇಲೂ ಓಡಿಸ್ಬೋದು, ಮಣ್ಣಿನ ದಾರೀಲೂ ಓಡಿಸ್ಬೋದು ಅನ್ನೋ ಬೈಕು, ಸಣ್ಣವು 140 ಕೆಜಿ ಆಸುಪಾಸು ಇರ್ತವೆ. ಹೋಂಡಾದವರು 2018ರಲ್ಲಿ ಸಿಆರ್‌ಎಫ್450ಎಲ್ ಅಂತ ಒಂದು ಬೈಕ್ ತಂದ್ರಲ್ಲ, ಅದರಲ್ಲಿ ಒಂದು ತಮಾಷೆ ಇದೆ. ಪೆಟ್ರೋಲ್ ಟ್ಯಾಂಕ್ ಟೈಟಾನಿಯಂದು, ತೂಕ ಉಳಿಸೋಕೆ. ಅದೇ ಬೈಕಿನ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಒಳಗೆ ಯುರೆಥೇನ್ ಫೋಮ್ ತುಂಬಿದ್ದಾರೆ, ಎಂಜಿನ್ ಪಕ್ಕ ಪ್ಲಾಸ್ಟಿಕ್ ಕವರ್ ಕೂರಿಸಿದ್ದಾರೆ, ಇವೆಲ್ಲ ಸದ್ದು ಅಡಗಿಸೋಕೆ, ಯಾಕಂದ್ರೆ ಸದ್ದಿನ ಲೆಕ್ಕದಲ್ಲಿ ಪಾಸಾಗ್ದೇ ಇದ್ರೆ ರಸ್ತೆಗೆ ಬಿಡಲ್ಲ. ಒಂದು ಕೈಯಲ್ಲಿ ದುಬಾರಿ ಲೋಹ ಹಾಕಿ ಗ್ರಾಂ ಗ್ರಾಂ ಉಳಿಸೋದು, ಇನ್ನೊಂದು ಕೈಯಲ್ಲಿ ಫೋಮ್ ತುಂಬೋದು. ಕೊನೆಗೆ 131 ಕೆಜಿಗೆ ಬಂದು ನಿಂತ್ಕೊಳ್ತು, ಅಂದ್ರೆ ಅದೇ ಮನೆತನದ ಮೋಟೋಕ್ರಾಸ್ (ಮಣ್ಣಿನ ರೇಸ್) ಬೈಕಿಗಿಂತ ಸುಮಾರು 20 ಕೆಜಿ ಜಾಸ್ತಿ. ಹೆಡ್‌ಲೈಟು, ಇಂಡಿಕೇಟರು, ಕನ್ನಡಿ, ಸೈಡ್ ಸ್ಟ್ಯಾಂಡು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರು, ದೊಡ್ಡ ಬ್ಯಾಟರಿ, ಆರನೇ ಗೇರು, ಒಂದೊಂದೂ ನೋಡೋಕೆ ಚಿಕ್ಕದು, ಸೇರಿಸಿದ್ರೆ ಒಂದು ಸಿಮೆಂಟ್ ಮೂಟೆಯ ಅರ್ಧದಷ್ಟು ಹತ್ರ ಆಗತ್ತೆ.

ನಾನು ಸಸ್ಪೆನ್ಷನ್ ಸೆಟಪ್ ಕೆಲ್ಸ ಮಾಡೋನು, ನನ್ನತ್ರ ಬರೋರಲ್ಲಿ ಮುಕ್ಕಾಲು ಜನ ಫೋನಲ್ಲಿ ಸ್ಪೆಕ್ ಶೀಟ್ ತೆಗೆದು "ಸರ್, ಇದು 134, ಅದು 144, ಹತ್ತು ಕೆಜಿ ವ್ಯತ್ಯಾಸ, ಯಾವ್ದು ತಗೊಳ್ಲಿ" ಅಂತ ಶುರು ಮಾಡ್ತಾರೆ. ತೂಕ ಮುಖ್ಯ ಅಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಮರಳಲ್ಲಿ ಬಿದ್ದ ಬೈಕನ್ನ ಒಬ್ರೇ ಎತ್ತಿ ನಿಲ್ಲಿಸಿದೋರಿಗೆ ಗೊತ್ತು ಹತ್ತು ಕೆಜಿ ಅಂದ್ರೆ ಏನು ಅಂತ. ಆದ್ರೆ ಬರೀ ಆ ನಂಬರ್ ಹಿಡ್ಕೊಂಡ್ರೆ ಏನೂ ತಿಳಿಯಲ್ಲ. ಯಾವ ಕೆಜಿ ಯಾವ ಕೆಲ್ಸಕ್ಕೆ ಇದೆ, ಬೈಕಲ್ಲಿ ಎಲ್ಲಿ ಕೂತಿದೆ, ಅದನ್ನ ತೆಗೆದಿದ್ರೆ ಅದರ ಬದಲು ಏನು ಬಿಟ್ಕೊಟ್ಟಿದ್ದಾರೆ, ಇಷ್ಟು ನೋಡ್ಬೇಕು.

ಮೊದಲು ಒಂದು ಸಣ್ಣ ಎಚ್ಚರಿಕೆ. ಕರ್ಬ್ ವೇಟ್ ಅಂದ್ರೆ ಆಯಿಲು, ಕೂಲೆಂಟು, ಬ್ಯಾಟರಿ, ಫುಲ್ ಟ್ಯಾಂಕ್ ಪೆಟ್ರೋಲು ಎಲ್ಲ ಸೇರಿ. ಡ್ರೈ ವೇಟ್ ಅಂದ್ರೆ ಒಂದೊಂದು ಕಂಪನಿ ಒಂದೊಂದು ಥರ ಅರ್ಥ ಮಾಡ್ಕೊಳತ್ತೆ, ಕೆಲವ್ರು ಪೆಟ್ರೋಲ್ ಮಾತ್ರ ಬಿಡ್ತಾರೆ, ಕೆಲವ್ರು ಬ್ಯಾಟರೀನೂ ಬಿಟ್ಟಿರ್ತಾರೆ. ಇದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ರೆ ಲೆಕ್ಕ ಕೆಟ್ಟೋಗತ್ತೆ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿ ಅಂತ ಇಟ್ಕೊಳ್ಳಿ, 8 ಲೀಟರ್ ಟ್ಯಾಂಕಿಗೆ ಅಲ್ಲೇ 6 ಕೆಜಿ ಆಯ್ತು.

ಈಗ ಆ 134ಕ್ಕೂ 144ಕ್ಕೂ ಬರೋಣ, ಇದು ಎರಡು ನಿಜವಾದ ಬೈಕ್‌ಗಳ ನಂಬರ್ರೇ. ಯಮಹಾ ಡಬ್ಲ್ಯುಆರ್250ಆರ್ 134 ಕೆಜಿ, ಹೋಂಡಾ ಸಿಆರ್‌ಎಫ್250ಎಲ್ ಮೊದಲು ಬಂದಾಗ 144 ಕೆಜಿ. ಎರಡೂ 250 ಸಿಸಿ, ಒಂದೇ ಸಿಲಿಂಡರು, ಎರಡಕ್ಕೂ ಲಿಕ್ವಿಡ್ ಕೂಲಿಂಗು, ಟ್ಯಾಂಕೂ ಹೆಚ್ಚುಕಮ್ಮಿ ಒಂದೇ ಸೈಜು. ಯಮಹಾದ್ದು ಅಲ್ಯುಮಿನಿಯಂ ಫ್ರೇಮು, ಎರಡೂ ಕಡೆ ಅಡ್ಜಸ್ಟ್ ಮಾಡೋಕಾಗೋ ಸಸ್ಪೆನ್ಷನ್ನು, ಹಿಂದೆ ಮುಂದೆ 270 ಎಂಎಂ ಟ್ರಾವೆಲ್ಲು (ಚಕ್ರ ಮೇಲೆ ಕೆಳಗೆ ಆಡೋ ದೂರ), ಸೀಟ್ ಹೈಟ್ 930 ಎಂಎಂ. ಹೋಂಡಾದ್ದು ಸ್ಟೀಲ್ ಫ್ರೇಮು, ಎಂಜಿನ್ ರಸ್ತೆ ಬೈಕ್ ಸಿಬಿಆರ್250ಆರ್‌ದೇ, ಸೀಟು 875. ಹೋಂಡಾದವರಿಗೆ ಹಗುರ ಮಾಡೋಕೆ ಬರ್ತಿರ್ಲಿಲ್ಲ ಅಂತೇನಿಲ್ಲ, ಅವರ ಲೆಕ್ಕ ಬೇರೆ ಇತ್ತು, ಕಮ್ಮಿ ರೇಟಿಗೆ ಸಿಗ್ಬೇಕು, ಹೊಸಬ್ರಿಗೂ ಕಾಲು ಎಟುಕಬೇಕು, ವರ್ಷಗಟ್ಲೆ ತಕರಾರಿಲ್ದೆ ಓಡ್ಬೇಕು. ಆ ಹತ್ತು ಕೆಜಿ ಸ್ಟೀಲ್ ಅಲ್ಲಿ ಇರೋದು ದುಡ್ಡು ಉಳಿಸೋಕೆ. ಸ್ಟೀಲಿಗೆ ಇನ್ನೊಂದು ಗುಣಾನೂ ಇದೆ, ಬಗ್ಗಿದ್ರೆ ನೆಟ್ಟಗೆ ಮಾಡ್ಬೋದು, ಯಾವ ಊರಲ್ಲಿ ಬೇಕಾದ್ರೂ ವೆಲ್ಡಿಂಗ್ ಮಾಡಿಸ್ಬೋದು. ಅಲ್ಯುಮಿನಿಯಂ ವೆಲ್ಡಿಂಗ್ ಗೊತ್ತಿರೋ ಕೈ ಹುಡ್ಕೋದು ಅಷ್ಟು ಸುಲಭ ಅಲ್ಲ, ಮಾಡಿದ್ರೂ ವೆಲ್ಡ್ ಪಕ್ಕದ ಲೋಹ ಮೊದಲಿನ ಗಟ್ಟಿತನ ಕಳ್ಕೊಂಡಿರತ್ತೆ.

"ಹಾಗಿದ್ರೆ ಕೆಟಿಎಂ ಇಎಕ್ಸ್‌ಸಿ ಥರದ್ದು ತಗೊಂಡ್ರೆ ಮುಗೀತಲ್ಲ, ನಂಬರ್ ಪ್ಲೇಟೂ ಇದೆ, ತೂಕಾನೂ 110ರ ಆಸುಪಾಸು" ಅಂತ ಇನ್ನೊಂದು ಮಾತು ಬರತ್ತೆ. ಮುಗಿಯಲ್ಲ, ಅಲ್ಲಿಂದ ಶುರು ಆಗತ್ತೆ. ಅದು ರೇಸಿಗೆ ಅಂತಲೇ ಮಾಡಿದ ಬೈಕು. ಆ ಎಂಜಿನ್ ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ, ಪಿಸ್ಟನ್ ಗಿಡ್ಡ, ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಅಂಚು) ಅಂತ ಇದೆಯೋ ಇಲ್ವೋ ಅನ್ನೋ ಥರ, ಆಯಿಲ್ ಹಿಡಿಸೋದು ತುಂಬ ಕಮ್ಮಿ, ಅಷ್ಟು ಕಮ್ಮಿ ಆಯಿಲ್ಲೇ ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ನೋಡ್ಕೋಬೇಕು, ಹಾಗಾಗಿ ಸರ್ವಿಸ್ ಲೆಕ್ಕ ಕಿಲೋಮೀಟರಲ್ಲಿ ಇರಲ್ಲ, ಗಂಟೆಯಲ್ಲಿ ಇರತ್ತೆ, ಆಯಿಲ್ ಚೇಂಜ್ 15 ಗಂಟೆಗೆ ಒಂದ್ಸಲ. ಸರಾಸರಿ 50ರಲ್ಲಿ ಓಡಿಸಿದ್ರೆ 750 ಕಿಲೋಮೀಟರ್. ವಾರದ ರೈಡಿಗೆ ಹೊರಟೋರು ಮಧ್ಯದಲ್ಲಿ ಎಲ್ಲೋ ಆಯಿಲ್ ಸುರಿದು ಹೊಸದು ಹಾಕ್ಬೇಕು. ಇಂಥ ಬೈಕ್‌ಗಳ ಹಿಂದಿನ ಹಬ್ಬಲ್ಲಿ ಸಾಮಾನ್ಯವಾಗಿ ರಬ್ಬರ್ ಡ್ಯಾಂಪರ್ ಇರಲ್ಲ, ಮಣ್ಣಲ್ಲಿ ಟೈರೇ ಸ್ವಲ್ಪ ಜಾರಿ ಹೊಡೆತ ತಿನ್ಕೊಳತ್ತೆ, ಟಾರ್ ರೋಡಲ್ಲಿ ಟೈರ್ ಜಾರಲ್ಲ, ಆಗ ಪ್ರತಿ ಹೊಡೆತ ಚೈನ್ ಹಿಡ್ಕೊಂಡು ಗೇರ್‌ಬಾಕ್ಸಿಗೆ ಹೋಗತ್ತೆ. ಆಚೆ ಕಡೆ ಡಬ್ಲ್ಯುಆರ್250ಆರ್‌ಗೆ ವಾಲ್ವ್ ಕ್ಲಿಯರೆನ್ಸ್ ಚೆಕ್ ಮಾಡೋದೇ ಸುಮಾರು 42,000 ಕಿಲೋಮೀಟರಿಗೆ. ಎರಡರ ಮಧ್ಯೆ ಇರೋ ಇಪ್ಪತ್ತು ಚಿಲ್ಲರೆ ಕೆಜಿಯಲ್ಲಿ ಒಂದಿಷ್ಟು ಭಾಗ ನಿಮ್ಮ ಭಾನುವಾರಗಳು.

ಇನ್ನು ನನ್ನ ಬೆಂಚಿನ ವಿಷ್ಯ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಸಣ್ಣ ಬೈಕಲ್ಲಿ ಎಲ್ರೂ ಮರೆಯೋ ತೂಕ ಒಂದಿದೆ, ಓಡಿಸೋರ ತೂಕ. 140 ಕೆಜಿ ಬೈಕು, ಹೆಲ್ಮೆಟ್ ಬೂಟು ಜಾಕೆಟ್ ಸೇರಿ 90 ಕೆಜಿ ಮನುಷ್ಯ, ಒಟ್ಟು 230, ಅದರಲ್ಲಿ ಮನುಷ್ಯನ ಪಾಲು ನೂರಕ್ಕೆ 39. ಅದೇ ಮನುಷ್ಯ 250 ಕೆಜಿ ಅಡ್ವೆಂಚರ್ ಬೈಕ್ ಮೇಲೆ ಕೂತ್ರೆ ನೂರಕ್ಕೆ 26. ಇದರಿಂದ ಒಳ್ಳೇದೂ ಇದೆ ಕೆಟ್ಟದ್ದೂ ಇದೆ. ಒಳ್ಳೇದು ಏನಂದ್ರೆ ಸಣ್ಣ ಬೈಕಲ್ಲಿ ನೀವು ಎದ್ದು ನಿಂತು ಸ್ವಲ್ಪ ಹಿಂದೆ ಮುಂದೆ ಜರುಗಿದ್ರೂ ಬೈಕ್ ಮಾತು ಕೇಳತ್ತೆ. ಕೆಟ್ಟದ್ದು ಅಂದ್ರೆ ಸ್ಪ್ರಿಂಗ್ ನಿಮಗೆ ಹೊಂದದೇ ಇದ್ರೆ ಬೈಕ್ ಪೂರ್ತಿ ಹದ ತಪ್ಪತ್ತೆ, ಮತ್ತೆ ಈ ಕ್ಲಾಸಿನ ಬೈಕ್‌ಗಳಿಗೆ ಕಂಪನಿ ಹಾಕೋ ಸ್ಪ್ರಿಂಗು ನಾನು ನೋಡಿದ ಮಟ್ಟಿಗೆ ಹಗುರ ಮೈಯೋರಿಗೆ, ಸಾಫ್ಟಾಗಿ ಇಟ್ಟಿದ್ದು. ಶೋರೂಮಲ್ಲಿ ಕೂತಾಗ ಬೈಕ್ ಕೆಳಗೆ ಇಳೀಬೇಕು, ಕಾಲು ನೆಲಕ್ಕೆ ತಾಗ್ಬೇಕು, ಮಾರಾಟ ಆಗ್ಬೇಕಲ್ಲ.

ಚೆಕ್ ಮಾಡೋದು ಹೀಗೆ. ಬೈಕ್ ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಚಕ್ರ ಗಾಳೀಲಿ ನೇತಾಡ್ತಿರುವಾಗ ಆಕ್ಸಲಿಂದ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ ಟೇಪ್ ಹಿಡೀರಿ. ಆಮೇಲೆ ನೆಲಕ್ಕಿಳಿಸಿ, ಯಾರೂ ಕೂರದೆ ಅಳೀರಿ. ಆಮೇಲೆ ಹೆಲ್ಮೆಟ್ ಬೂಟು ಜಾಕೆಟ್ ಎಲ್ಲ ಹಾಕ್ಕೊಂಡು, ಸಾಮಾನು ಕಟ್ಕೊಂಡು ಹೋಗೋರಾದ್ರೆ ಸಾಮಾನೂ ಕಟ್ಟಿ, ಕೂತು ಅಳೀರಿ. ಕೂತಾಗ ಒಟ್ಟು ಟ್ರಾವೆಲ್ಲಿನ ಮೂರನೇ ಒಂದು ಭಾಗ ಇಳಿದ್ರೆ ಸರಿ, 250 ಎಂಎಂ ಇದ್ರೆ ಸುಮಾರು 80. ತುಂಬ ಜನಕ್ಕೆ ಇದು ನೂರು ದಾಟಿರತ್ತೆ, ಆಗ ಪ್ರಿಲೋಡ್ ನಟ್ (ಸ್ಪ್ರಿಂಗನ್ನ ಮೊದ್ಲೇ ಅಮುಕಿ ಇಡೋದು) ತಿರುಗಿಸಿ ತಿರುಗಿಸಿ 80ಕ್ಕೆ ತರ್ತಾರೆ, ಆಯ್ತು ಅನ್ಕೊಳ್ತಾರೆ. ಈಗ ಇಳಿದು ಖಾಲಿ ಬೈಕ್ ಇನ್ನೊಂದ್ಸಲ ಅಳೀರಿ. ಖಾಲಿ ಬೈಕು 30–40 ಎಂಎಂ ತಾನಾಗೇ ಇಳೀಬೇಕು. ಅದು ಹತ್ತಕ್ಕೂ ಬರ್ದೆ ಮೇಲೇ ಸೆಟೆದು ನಿಂತಿದ್ರೆ ಅರ್ಥ ಏನು? ಸ್ಪ್ರಿಂಗ್ ಗಟ್ಟಿ ಅಂತ ಎಲ್ರೂ ಹೇಳ್ತಾರೆ, ಉಲ್ಟಾ, ಸ್ಪ್ರಿಂಗ್ ಮೆತ್ತಗಿದೆ. ಮೆತ್ತಗಿರೋ ಸ್ಪ್ರಿಂಗನ್ನ ಮೊದ್ಲೇ ಅಮುಕಿ ಇಟ್ಟಿದ್ದೀರಿ ಅಷ್ಟೇ, ಒಳಗೆ ಹೋಗೋಕೆ ಶುರು ಮಾಡಿದ್ಮೇಲೆ ಅದು ತಡೆಯಲ್ಲ, ಹಳ್ಳಕ್ಕೆ ಬಿದ್ದಾಗ ತಳ ಹೊಡಿಯತ್ತೆ, ಗುಂಡಿ ಮೇಲೆ ಹೋಗುವಾಗ ಚಕ್ರ ಕೆಳಗೆ ಇಳಿದು ನೆಲ ಹಿಡಿಯಲ್ಲ. ಇದಕ್ಕೆ ಮದ್ದು ಒಂದೇ, ಸ್ಪ್ರಿಂಗ್ ಚೇಂಜ್.

ಸಾಮಾನಿನ ಲೆಕ್ಕ ಇನ್ನೂ ನಿಷ್ಠುರ. ಆಕ್ಸಲಿಂದ ಆಕ್ಸಲಿಗೆ 1450 ಎಂಎಂ ಇರೋ ಬೈಕಿಗೆ, ಹಿಂದಿನ ಆಕ್ಸಲ್ ದಾಟಿ 200 ಎಂಎಂ ಹಿಂದೆ 10 ಕೆಜಿ ಬಾಕ್ಸ್ ಕಟ್ಟಿದ್ರೆ ಹಿಂದಿನ ಚಕ್ರದ ಮೇಲೆ 10 ಕೆಜಿ ಬೀಳಲ್ಲ, 11.4 ಬೀಳತ್ತೆ, ಮುಂದಿನ ಚಕ್ರದಿಂದ 1.4 ಕೆಜಿ ಎತ್ತಿಬಿಡತ್ತೆ. ನಂಬರ್ ಚಿಕ್ಕದು ಅನ್ಸತ್ತೆ, ಆದ್ರೆ ಇದು ಬೈಕ್ ನಿಂತಿದ್ದಾಗಿನ ಲೆಕ್ಕ, ಕಲ್ಲಿನ ದಾರೀಲಿ ಕುಣೀತಾ ಹೋಗುವಾಗ ಅದೇ ಬಾಕ್ಸು, ಸೀಟು ಹೊರೋ ಹಿಂದಿನ ಚೌಕಟ್ಟು ಅಂದ್ರೆ ಸಬ್‌ಫ್ರೇಮಿನ ತುದಿ ಹಿಡ್ಕೊಂಡು ಮೇಲೆ ಕೆಳಗೆ ಎಳೀತಿರತ್ತೆ. ಸಬ್‌ಫ್ರೇಮ್ ಅನ್ನೋದು ತೂಕ ಉಳಿಸುವಾಗ ಡಿಸೈನರ್ ಕೈ ಮೊದಲು ಹೋಗೋ ಜಾಗ, ಅಲ್ಲಿ ಪೈಪ್ ಸಣ್ಣ ಮಾಡ್ತಾರೆ, ಯಾಕಂದ್ರೆ ಒಬ್ಬ ಮನುಷ್ಯ ಅದೂ ಅರ್ಧ ಹೊತ್ತು ನಿಂತೇ ಓಡಿಸ್ತಾನೆ ಅನ್ನೋ ಲೆಕ್ಕ. ನನ್ನತ್ರ ಬಂದ ಬಿರುಕು ಬಿಟ್ಟ ಸಬ್‌ಫ್ರೇಮ್‌ಗಳೆಲ್ಲ ಬಹುತೇಕ ಒಂದೇ ಜಾಗದಲ್ಲಿ ಒಡೆದಿರ್ತವೆ, ಮೇನ್ ಫ್ರೇಮಿಗೆ ಕೂಡೋ ಮೇಲಿನ ಬೋಲ್ಟ್ ಪಕ್ಕ, ಬಣ್ಣದ ಮೇಲೆ ಮೊದಲು ಕೂದಲಿನಂಥ ತುಕ್ಕಿನ ಗೆರೆ ಕಾಣತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸೀಟ್ ತೆಗೆಸಿ ಅಲ್ಲೇ ನೋಡಿ. ಸಾಮಾನು ತಗೊಂಡು ಹೋಗ್ಲೇಬೇಕು ಅಂದ್ರೆ ಮೆತ್ತನೆ ಬ್ಯಾಗು, ಆದಷ್ಟು ಮುಂದಕ್ಕೆ, ಆದಷ್ಟು ಕೆಳಗೆ. ಟೂಲ್ಸ್‌ನಂಥ ಕಬ್ಬಿಣದ ಸಾಮಾನನ್ನ ಹಿಂದಿನ ರ್‍ಯಾಕಲ್ಲಿ ಇಡೋ ಅಭ್ಯಾಸ ಯಾರು ಕಲಿಸಿದ್ರೋ ಗೊತ್ತಿಲ್ಲ, ಎಂಜಿನ್ ಮುಂದೆ ಸ್ಕಿಡ್ ಪ್ಲೇಟ್ (ಎಂಜಿನ್ ಅಡಿ ಕಾಯೋ ತಗಡು) ಹತ್ರ ಒಂದು ಡಬ್ಬಿ ಕೂರಿಸಿ ಅದರಲ್ಲಿ ಇಡಿ.

ದೊಡ್ಡ ಟ್ಯಾಂಕ್ ಬೇಕು ಅನ್ನೋರಿಗೆ ಹೋಂಡಾನೇ ಉದಾಹರಣೆ ಕೊಟ್ಟಿದೆ. 2021ರಲ್ಲಿ ಬಂದ ಸಿಆರ್‌ಎಫ್300ಎಲ್ 142 ಕೆಜಿ, 7.8 ಲೀಟರ್ ಟ್ಯಾಂಕು. ಅದೇ ಎಂಜಿನ್ನಿನ, ದೂರದ ಓಟಕ್ಕೆ ಅಂತ ಮಾಡಿದ ರ್‍ಯಾಲಿ 153 ಕೆಜಿ, 12.8 ಲೀಟರ್. ಹೆಚ್ಚಿಗೆ 5 ಲೀಟರ್ ಪೆಟ್ರೋಲಿಗೆ 4 ಕೆಜಿನೂ ಆಗಲ್ಲ, ಉಳಿದ 7 ಕೆಜಿ ಫೇರಿಂಗು, ವಿಂಡ್‌ಸ್ಕ್ರೀನು, ಅದನ್ನ ಹಿಡಿಯೋ ಬ್ರಾಕೆಟ್ಟು, ದೊಡ್ಡ ಡಿಸ್ಕು ಇಂಥದ್ದಕ್ಕೆ. ಅದರಲ್ಲಿ ಜಾಸ್ತಿ ಭಾಗ ಎತ್ತರದಲ್ಲಿ, ಮುಂದೆ. ದಿನಕ್ಕೆ ಐದಾರು ಗಂಟೆ ಗಾಳಿಗೆ ಎದೆ ಕೊಟ್ಟು ಹೈವೇ ಓಡಿಸೋರಿಗೆ ಆ 11 ಕೆಜಿ ಖಂಡಿತ ಬೇಕು, ನಾನೂ ಅದನ್ನೇ ಹೇಳ್ತೀನಿ. ಕಾಡಿನ ಕಾಲುದಾರಿಗೆ ಹೋಗೋರಿಗೆ ಬೇಡ, ಎರಡು ಲೀಟರ್ ಕ್ಯಾನ್ ಬ್ಯಾಗಲ್ಲಿ ಇಟ್ಕೊಂಡ್ರೆ ಖಾಲಿ ಆದ್ಮೇಲೆ ಅದಕ್ಕೆ ತೂಕಾನೇ ಇಲ್ಲ.

ಸೀಟ್ ಹೈಟ್ ಬಗ್ಗೆ ಜಗಳ ಮುಗಿಯೋದೇ ಇಲ್ಲ. ಟ್ರಾವೆಲ್ ಬೇಕು, ಬೈಕಿನ ಹೊಟ್ಟೆ ನೆಲಕ್ಕೆ ತಾಗಬಾರ್ದು, ಸೀಟು ಮಾತ್ರ ಕೆಳಗಿರ್ಬೇಕು, ಮೂರೂ ಒಟ್ಟಿಗೆ ಸಿಗಲ್ಲ, ಮಧ್ಯದಲ್ಲಿ ಎಂಜಿನ್ನಿದೆ. ಯಮಹಾ ಎಕ್ಸ್‌ಟಿ250 ಸೀಟು 830ಕ್ಕೆ ತಂದಿದ್ದಾರೆ, ಏರ್ ಕೂಲ್ಡ್ ಆದ್ರಿಂದ ರೇಡಿಯೇಟರು, ನೀರು, ಫ್ಯಾನು, ಪೈಪು ಏನೂ ಇಲ್ಲ, 132 ಕೆಜಿ, ಆದ್ರೆ ಟ್ರಾವೆಲ್ ಡಬ್ಲ್ಯುಆರ್ ಹತ್ರಕ್ಕೂ ಬರಲ್ಲ, ಹೈವೇಲಿ ಉಸಿರೂ ಕಮ್ಮಿ. ಲೋವರಿಂಗ್ ಲಿಂಕ್ (ಬೈಕಿನ ಹಿಂಭಾಗ ಇಳಿಸೋ ಪಟ್ಟಿ) ಹಾಕಿಸ್ತೀವಿ ಅಂತ ಬರೋರಿಗೆ ನಾನು ಹೇಳೋದು, ಹಾಕಿಸೋದಾದ್ರೆ ಫೋರ್ಕನ್ನೂ ಕ್ಲ್ಯಾಂಪಲ್ಲಿ ಮೇಲೆ ತಳ್ಳಿ ಮುಂದೆಯೂ ಇಳಿಸ್ಬೇಕು, ಹಿಂದೆ ಮಾತ್ರ ಇಳಿಸಿದ್ರೆ ರೇಕ್ (ಫೋರ್ಕಿನ ಓರೆ) ಮಲಗಿ ತಿರುವಲ್ಲಿ ಮುಂದಿನ ಚಕ್ರ ಹೊರಗೆ ಹೊರಗೆ ಓಡತ್ತೆ, ಸೈಡ್ ಸ್ಟ್ಯಾಂಡೂ ಉದ್ದ ಆಗಿ ಬೈಕ್ ನೆಟ್ಟಗೆ ನಿಂತು ಬೀಳತ್ತೆ. ಅದಕ್ಕಿಂತ ಸೀಟಿನ ಫೋಮ್ ಕೆತ್ತಿಸಿ, ಒಂದು ಕಾಲು ಗಟ್ಟಿಯಾಗಿ ಊರಿದ್ರೆ ಸಾಕು ಅಂತ ಅಭ್ಯಾಸ ಮಾಡ್ಕೊಳ್ಳಿ. ಹಗುರ ಬೈಕಿನ ದೊಡ್ಡ ಲಾಭನೇ ಇದು, ಸ್ವಲ್ಪ ವಾಲಿದ್ರೂ ಒಂದೇ ಕಾಲಲ್ಲಿ ತಡೀಬೋದು.

ಇನ್ನು ತೂಕ ಕಮ್ಮಿ ಮಾಡ್ಲೇಬೇಕು ಅಂತ ದುಡ್ಡು ಹಿಡ್ಕೊಂಡು ನಿಂತೋರಿಗೆ, ಚಕ್ರದಿಂದ ಶುರು ಮಾಡಿ. ರಿಮ್ಮು, ಟೈರು, ಟ್ಯೂಬು ಇವು ಮುಂದೆ ಹೋಗೋದೂ ಅಲ್ದೆ ಸುತ್ತಬೇಕು, ಅಂಚಿನಲ್ಲಿರೋ ಒಂದು ಕೆಜಿ ವೇಗ ಹಿಡಿಯೋವಾಗ ಹತ್ರಹತ್ರ ಎರಡು ಕೆಜಿ ಲೆಕ್ಕ, ಅದರ ಮೇಲೆ ಸ್ಪ್ರಿಂಗಿನ ಕೆಳಗಿರೋ ತೂಕ ಆದ್ರಿಂದ ಶಾಕ್ ಕೆಲ್ಸಾನೂ ಜಾಸ್ತಿ ಮಾಡತ್ತೆ. ದಪ್ಪ ಹೆವಿ ಡ್ಯೂಟಿ ಟ್ಯೂಬು ಕಲ್ಲಿನ ದಾರಿಗೆ ಒಳ್ಳೇದೇ, ದಿನಾ ಆಫೀಸಿಗೆ ಓಡಾಡೋಕೆ ಯಾಕೆ? ಸೈಲೆನ್ಸರ್ ಬದಲಾಯಿಸಿದ್ರೆ ಎರಡು ಮೂರು ಕೆಜಿ ಉಳಿಯತ್ತೆ ನಿಜ, ಜೊತೆಗೆ ಕೆಲವು ಬೈಕಲ್ಲಿ ಕ್ಯಾಟಲಿಟಿಕ್ ಕನ್ವರ್ಟರೂ ಹೋಗತ್ತೆ, ಫ್ಯೂಯೆಲ್ ಮ್ಯಾಪಿಂಗ್ ಕೆದಕಬೇಕು, ಸದ್ದು ಕೇಳಿ ದಾರಿ ಮುಚ್ಚಿಸೋ ಜನಾನೂ ಇರ್ತಾರೆ. ಲಿಥಿಯಂ ಬ್ಯಾಟರಿ ಒಂದು ಎರಡು ಕೆಜಿ ಇಳಿಸತ್ತೆ, ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮುಷ್ಕರ ಹೂಡತ್ತೆ, ಒಂದು ನಿಮಿಷ ಹೆಡ್‌ಲೈಟ್ ಹಾಕಿಟ್ಟು ಬ್ಯಾಟರಿ ಒಳಗೆ ಬೆಚ್ಚಗಾದ್ಮೇಲೆ ತಿರುಗತ್ತೆ.

ಪವರ್ ಸಾಲಲ್ಲ ಅನ್ನೋರು ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಒಂದು ಹಲ್ಲು ಇಳಿಸಿ ನೋಡಿ, 14ರಿಂದ 13ಕ್ಕೆ ಬಂದ್ರೆ ಎಳೆತ ನೂರಕ್ಕೆ ಏಳೆಂಟು ಏರತ್ತೆ, ಕಡಿದಾದ ಏರಲ್ಲಿ ಕ್ಲಚ್ ಸುಡೋದು ನಿಲ್ಲತ್ತೆ, ಹೈವೇಲಿ ಎಂಜಿನ್ ಅಷ್ಟೇ ಜಾಸ್ತಿ ಕಿರುಚತ್ತೆ, ಚೈನು ಸಣ್ಣ ಸುತ್ತಿಗೆ ಬಗ್ಗೋದ್ರಿಂದ ಸ್ವಲ್ಪ ಬೇಗ ಸವೆಯತ್ತೆ. ಎರಡೂ ಸ್ಪ್ರಾಕೆಟ್ ಬ್ಯಾಗಲ್ಲಿ ಇಟ್ಕೊಂಡು ಮಣ್ಣಿನ ದಾರಿ ಶುರುವಾಗೋ ಕಡೆ ನಿಲ್ಲಿಸಿ ಬದಲಾಯಿಸೋರೂ ಇದಾರೆ, ಹಿಂದಿನ ಆಕ್ಸಲ್ ಸಡಿಲಿಸಿ ಚೈನ್ ಟೆನ್ಷನ್ ಮತ್ತೆ ನೋಡ್ಕೊಂಡ್ರೆ ಅರ್ಧ ಗಂಟೆ ಕೆಲ್ಸ.