ಬಂಗು, ಲಿಂಬಿಹಣ್ಣು ಮತ್ತು ಅಂಗಾಲಿನ ತಿಂಡಿ

ನಮ್ಮ ಚಿಗವ್ವನ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಆಗಿದ್ದು ಹುಬ್ಬಳ್ಳಿಯಲ್ಲಿ, ಏಪ್ರಿಲ್ ಕೊನೆಯ ವಾರ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಆದರೆ ಆರತಿ ಮಾಡಲು ಬಂದ ಹೆಂಗಸರ ಕಣ್ಣೆಲ್ಲ ಅವಳ ಕೆನ್ನೆಯ ಮೇಲೆ. ಎರಡೂ ಕೆನ್ನೆಗೆ, ಮೇಲ್ದುಟಿಯ ಮೇಲೆ, ಚಹಾ ಚೆಲ್ಲಿ ಒಣಗಿದ ಕಲೆಯಂಥ ಬಂಗು. "ಬಂಗು ಬಂದೈತಿ, ಗಂಡ ನೋಡ್ರಿ" ಎಂದರು ಒಬ್ಬರು. "ಏ, ಅಲ್ಲವಾ, ಹೆಣ್ಣ" ಎಂದರು ಇನ್ನೊಬ್ಬರು. ಸೋದರತ್ತೆಯೊಬ್ಬರು ಉಪಾಯವನ್ನೇ ಹೇಳಿಕೊಟ್ಟರು: "ಲಿಂಬಿಹಣ್ಣ ಕೊಯ್ದು ತಿಕ್ಕು. ನಾಕ ದಿನದಾಗ ಹೋಗ್ತೈತಿ. ಮನ್ಯಾಗಿಂದ, ಏನೂ ಅಪಾಯ ಇಲ್ಲ."

ಮರುದಿನ ಅವಳು ಹಾಗೇ ಮಾಡಿದಳು. ಮುಖವನ್ನು ಅರೆಬರೆ ತೊಳೆದು, ಶಾವಿಗೆ ಒಣಹಾಕಲು ಮಾಳಿಗೆ ಹತ್ತಿದಳು. ಎರಡು ದಿನ ಬಿಟ್ಟು ನನಗೆ ಫೋಟೋ ಬಂತು. ಕೆನ್ನೆ ಕೆಂಪಗೆ ಉರಿಯುತ್ತಿತ್ತು. ಗದ್ದದಿಂದ ಕುತ್ತಿಗೆಗೆ ರಸ ಇಳಿದ ದಾರಿ ಗೆರೆ ಎಳೆದಂತೆ ಮೂಡಿತ್ತು. ಮುಂಗೈ ಮೇಲೆ ಮೂರು ಬೆರಳಿನ ಗುರುತು, ಒದ್ದೆ ಕೈಯಿಂದ ಎಲ್ಲಿ ಒರೆಸಿಕೊಂಡಿದ್ದಳೋ ಅಲ್ಲೇ. ವಾರ ಕಳೆಯುವಷ್ಟರಲ್ಲಿ ಅದೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಬಂಗು ಹೋಗಲಿಲ್ಲ, ಅದಕ್ಕೊಂದು ಜೋಡಿ ಸಿಕ್ಕಿತು.

ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯುರೊಕೌಮರಿನ್ ಎಂಬ ರಾಸಾಯನಿಕಗಳಿವೆ. ಕತ್ತಲಲ್ಲಿ ಸುಮ್ನೆ ಇರುತ್ತವೆ. ಚರ್ಮದ ಮೇಲಿದ್ದಾಗ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಎ ಕಿರಣ ಬಿತ್ತೆಂದರೆ ಜೀವಕೋಶಗಳನ್ನು ಸುಡುತ್ತವೆ. ಉರಿ ಕೂಡಲೇ ಗೊತ್ತಾಗುವುದಿಲ್ಲ, ಒಂದರಿಂದ ಮೂರು ದಿನ ತಡವಾಗಿ ಕಾಣುತ್ತದೆ. ಅದಕ್ಕೇ ಯಾರೂ ಲಿಂಬಿಹಣ್ಣನ್ನು ಅನುಮಾನಿಸುವುದಿಲ್ಲ. ನಮ್ಮ ತೆಳು ಸಿಪ್ಪೆಯ ಸಣ್ಣ ಲಿಂಬೆ ಇದರಲ್ಲಿ ದೊಡ್ಡ ಹಳದಿ ಲಿಂಬೆಗಿಂತ ಜೋರು. ಮನೆಯಲ್ಲಿದೆ, ಗಿಡದಲ್ಲಿ ಬೆಳೆದಿದೆ ಅಂದ ಮಾತ್ರಕ್ಕೆ ಚರ್ಮಕ್ಕೆ ಒಗ್ಗಬೇಕೆಂದೇನಿಲ್ಲ, ಅಲ್ವಾ?

ಇನ್ನು ಬಂಗಿನ ಮಾತು. ಬಸುರಿನಲ್ಲಿ ಹತ್ತು ಹೆಂಗಸರಲ್ಲಿ ಒಂಬತ್ತು ಮಂದಿಗೆ ಚರ್ಮ ಎಲ್ಲಾದರೂ ಒಂದು ಕಡೆ ಕಪ್ಪಾಗುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಏರುತ್ತವೆ. ಬಣ್ಣ ಮಾಡುವ ಕೋಶಗಳನ್ನು ಚುರುಕುಗೊಳಿಸುವ ಇನ್ನೊಂದು ಹಾರ್ಮೋನೂ ಏರುತ್ತದೆ. ಆ ಕೋಶಗಳು ಮೆಲನಿನ್ ಜಾಸ್ತಿ ಮಾಡುತ್ತವೆ. ಹೊಕ್ಕುಳಿಂದ ಕೆಳಕ್ಕೆ ಇಳಿಯುವ ಕರಿ ಗೆರೆ ಹೊಸದಾಗಿ ಬಂದದ್ದಲ್ಲ. ಆ ಜಾಗದಲ್ಲಿ ಮೊದಲೇ ಒಂದು ಬಿಳಚು ಗೆರೆ ಇತ್ತು, ಈಗ ಬಣ್ಣ ಪಡೆದು ಎದ್ದು ಕಾಣುತ್ತಿದೆ. ಗಂಡೋ ಹೆಣ್ಣೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದು ಮೊದಲ ದಿನವೇ ತೀರ್ಮಾನವಾಗಿರುತ್ತದೆ.

ಹಾರ್ಮೋನನ್ನು ನಾವು ತಡೆಯಲಾರೆವು. ತಡೆಯಬಹುದಾದದ್ದು ಬೆಳಕನ್ನು ಮಾತ್ರ. ನಮ್ಮ ಊರಲ್ಲಿ ಅದೂ ಸುಲಭವಲ್ಲ. ಹುಬ್ಬಳ್ಳಿ-ಧಾರವಾಡ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಮೊದಲ ದಿನಗಳಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಆಗಸ್ಟ್ 10ರ ಆಸುಪಾಸಿನಲ್ಲಿ ಮತ್ತೊಮ್ಮೆ ಹೀಗಾಗುತ್ತದೆ, ಆದರೆ ಆಗ ಮೋಡ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಮೋಡದಿಂದ ಸೆಕೆ ಕಡಿಮೆಯಾದೀತು, ಯುವಿ-ಎ ಅಷ್ಟಾಗಿ ನಿಲ್ಲುವುದಿಲ್ಲ. ಕಿಟಕಿಯ ಗಾಜನ್ನೂ ಅದು ದಾಟುತ್ತದೆ. ದಿನವೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹುಬ್ಬಳ್ಳಿ-ಧಾರವಾಡ ಓಡಾಡುವವರು ಇದನ್ನು ನೆನಪಿಟ್ಟುಕೊಂಡು ಸೀಟು ಹಿಡಿಯಬೇಕು.

ಇದರ ಮೇಲೆ ಇನ್ನೊಂದು ತೊಡಕು ಇದೆ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ಅದರ ನೀಲಿ ಭಾಗ, ನಮ್ಮಂಥ ಕಂದು ಚರ್ಮದಲ್ಲಿ ಬಂಗನ್ನು ಗಾಢ ಮಾಡುತ್ತದೆ. ಬಣ್ಣದ ಕೋಶಗಳಲ್ಲಿ ನೀಲಿ ಬೆಳಕನ್ನು ಗುರುತಿಸುವ ಆಪ್ಸಿನ್-3 ಎಂಬ ಪ್ರೋಟೀನ್ ಇದೆ ಎಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಕಣ್ಣಿನಲ್ಲಿ ಬೆಳಕು ಹಿಡಿಯುವ ಪ್ರೋಟೀನುಗಳ ಸಂಬಂಧಿ ಅದು. ಸಾದಾ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದಿಲ್ಲ. ಜಿಂಕ್ ಆಕ್ಸೈಡ್ ಜೊತೆ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಾಕಷ್ಟು ತಡೆಯುತ್ತದೆ. ಐರನ್ ಆಕ್ಸೈಡ್ ಅಂದರೆ ದೂರದ ವಸ್ತುವಲ್ಲ. ಧಾರವಾಡದ ಕೆಮ್ಮಣ್ಣಿಗೆ ಕೆಂಪು ಕೊಟ್ಟಿರುವುದೂ ಅದೇ ಕಬ್ಬಿಣ. ಹಾಗಂತ ಕೆಮ್ಮಣ್ಣು ಬಳಿದುಕೊಳ್ಳಬೇಡಿ, ಅದರಲ್ಲಿ ಇನ್ನೇನೇನು ಇರುತ್ತದೋ. ಇನ್ನು ಎಲ್ಲಕ್ಕಿಂತ ಹಳೆಯ, ಕಾಸು ಖರ್ಚಿಲ್ಲದ ಉಪಾಯ ಅಜ್ಜಿಯಂದಿರದು: ತಲೆಯ ಮೇಲೆ ಸೆರಗು, ಹಣೆಗಿಂತ ಸ್ವಲ್ಪ ಮುಂದಕ್ಕೆ ಎಳೆದು. ದಟ್ಟ ನೇಯ್ಗೆಯ ಇಳಕಲ್ ಸೆರಗು ಮುಖದ ಮೇಲೆ ಹಾಕುವ ನೆರಳಿಗೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚುವ ರಗಳೆ ಇಲ್ಲ.

ಮಾಡಬಾರದ್ದು ಒಂದಿದೆ, ಅದನ್ನು ಜೋರಾಗಿಯೇ ಹೇಳುತ್ತೇನೆ. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರುವ "ಬಂಗಿನ ಟ್ಯೂಬ್" ಬೇಡ. ಅಂಥ ಬಹಳಷ್ಟು ಟ್ಯೂಬಿನಲ್ಲಿ ಮೂರು ಔಷಧ ಬೆರೆತಿರುತ್ತವೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟಿರಾಯ್ಡ್. ಮೊದಲನೆಯದರ ಮೂರನೇ ಒಂದು ಭಾಗಕ್ಕೂ ಹೆಚ್ಚು ಚರ್ಮದಿಂದ ರಕ್ತಕ್ಕೆ ಇಳಿಯುತ್ತದೆ. ಎರಡನೆಯದು ವಿಟಮಿನ್ ಎ ಬಳಗದ್ದು. ಆ ಬಳಗದ ಮಾತ್ರೆಗಳು ಶಿಶುವಿಗೆ ಊನ ತರುತ್ತವೆ, ಹಾಗಾಗಿ ಬಸುರಿಯರಿಗೆ ಕ್ರೀಮ್ ಕೂಡ ಬೇಡ ಅನ್ನುತ್ತಾರೆ ವೈದ್ಯರು. ಹೆಸರು ವಿಳಾಸ ಇಲ್ಲದ ಡಬ್ಬಿಯಲ್ಲಿ ಬರುವ ಬೆಳ್ಳಗಾಗುವ ಕ್ರೀಮು ಇನ್ನೂ ಕೆಟ್ಟದ್ದು. ಕೆಲವದರಲ್ಲಿ ಪಾದರಸ ಇರುತ್ತದೆ, ಪಾದರಸ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಬಂಗು ಹೆರಿಗೆಯ ನಂತರ ಬಹಳ ಜನರಿಗೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ತಡೆಯಲಾಗದವರಿಗೆ ಅಜೆಲಾಯಿಕ್ ಆಸಿಡ್‌ನಂಥ, ಬಸುರಿನಲ್ಲೂ ಬಳಸಬಹುದಾದ ಔಷಧಿ ಇದೆ. ವೈದ್ಯರನ್ನು ಕೇಳಿ.

ಹಾಗಾದರೆ ಅಡುಗೆಮನೆಯಲ್ಲಿ ಒಳ್ಳೆಯದು ಏನೂ ಇಲ್ಲವೇ? ಇದೆ, ಅದೂ ನಮ್ಮ ಎರೆ ಹೊಲದ್ದೇ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ಹಿಂಗಾರಿಯಲ್ಲಿ ಅಲ್ಲಿನ ಹೊಲಗಳಲ್ಲಿ ಜೋಳ, ಕಡಲೆ, ನಡುವೆ ಮುಳ್ಳು ಮುಳ್ಳು ಕುಸುಬಿ. ಕಡಲೆ, ಕುಸುಬಿ ಎರಡರಲ್ಲೂ ಅಣ್ಣಿಗೇರಿ ಹೆಸರಿನ ತಳಿಗಳೇ ಇವೆ. ಕುಸುಬಿ ಎಣ್ಣೆ ನಮ್ಮ ಅಜ್ಜಿಯರ ಒಗ್ಗರಣೆಯ ಎಣ್ಣೆ. ಅದರ ಕೊಬ್ಬಿನ ಆಮ್ಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಈ ಹೆಸರು ಚರ್ಮದ ಕಥೆಯಲ್ಲಿ ದೊಡ್ಡದು. 1929ರಲ್ಲಿ ಅಮೆರಿಕದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಒಂದಿಷ್ಟೂ ಕೊಬ್ಬಿಲ್ಲದ ಆಹಾರ ಹಾಕಿದರು. ಇಲಿಗಳ ಚರ್ಮ ಹೊಟ್ಟು ಏಳತೊಡಗಿತು, ಬಾಲ ಒರಟಾಯಿತು, ನೀರು ಮಾತ್ರ ವಿಪರೀತ ಕುಡಿಯತೊಡಗಿದವು. ಚರ್ಮದಿಂದ ನೀರು ಸೋರಿ ಹೋಗುತ್ತಿತ್ತು. ಲಿನೋಲಿಯಿಕ್ ಆಮ್ಲ ಕೊಟ್ಟಾಗ ಸರಿಹೋಯಿತು. ಚರ್ಮದ ಮೇಲ್ಪದರ ಒಂದು ಗೋಡೆ ಅಂದುಕೊಂಡರೆ, ಕೋಶಗಳು ಕಲ್ಲು, ನಡುವಿನ ಕೊಬ್ಬು ಗಾರೆ. ಆ ಗಾರೆ ಕಟ್ಟಲು ಈ ಆಮ್ಲ ಬೇಕು.

ಎಣ್ಣೆ ಎಣ್ಣೆಗೂ ವ್ಯತ್ಯಾಸ ಇದೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಕೆಲವರ ಒಂದು ಮುಂಗೈಗೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆಯನ್ನು ದಿನಕ್ಕೆರಡು ಸಲ, ನಾಲ್ಕು ವಾರ ಹಚ್ಚಿಸಿದರು. ಆಲಿವ್ ಹಚ್ಚಿದ ಕಡೆ ಗಾರೆ ಸಡಿಲವಾಯಿತು. ಲಿನೋಲಿಯಿಕ್ ಜಾಸ್ತಿ ಇರುವ ಸೂರ್ಯಕಾಂತಿ ಹಚ್ಚಿದ ಕಡೆ ಗೋಡೆ ಗಟ್ಟಿಯಾಗೇ ಉಳಿಯಿತು. ಜನ ಅಷ್ಟೇನೂ ಜಾಸ್ತಿ ಇರಲಿಲ್ಲ, ಇಪ್ಪತ್ತು ಮಂದಿಯೂ ಇಲ್ಲ. ಕುಸುಬಿಯನ್ನು ಅವರು ಪರೀಕ್ಷಿಸಲೂ ಇಲ್ಲ. ಆದರೂ ದುಬಾರಿ ಆಲಿವ್ ಎಣ್ಣೆಗಿಂತ ಗಾಣದ ಕುಸುಬಿ ಎಣ್ಣೆ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಸ್ವಲ್ಪ ಸ್ವಲ್ಪವೇ ತನ್ನಿ. ಈ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಬೆಳಕಿಗೆ ಇಡಬೇಡಿ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ.

ಹಚ್ಚುವ ಹೊತ್ತೂ ಮುಖ್ಯ. ನಮ್ಮಲ್ಲಿ ಎಣ್ಣೆ ಹಚ್ಚಿ, ಹಂಡೆಯ ಕುದಿ ನೀರು ಸುರಿದು, ಸೀಗೆಕಾಯಿಯಿಂದ ತಿಕ್ಕಿ ಆ ಎಣ್ಣೆಯನ್ನೆಲ್ಲ ಬಚ್ಚಲಿಗೆ ಬಿಡುತ್ತೇವೆ. ಹಬ್ಬಕ್ಕೆ ಅದು ಚೆಂದ. ಒಣ ಚರ್ಮಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು ಸಾಕು, ಆಮೇಲೆ ಮೈ ಅರೆ ಒದ್ದೆ ಇರುವಾಗಲೇ ನಾಲ್ಕು ಹನಿ ಎಣ್ಣೆ. ನೀರು ಒಳಗೇ ಉಳಿಯುತ್ತದೆ. ಅಂಗಾಲಿಗೆ ಹಚ್ಚಿ ಬಚ್ಚಲ ಕಲ್ಲಿನ ಮೇಲೆ ನಡೆಯಬೇಡಿ, ಏಳು ತಿಂಗಳ ಹೊಟ್ಟೆ ಹೊತ್ತವರಿಗೆ ಜಾರುವುದು ಬಂಗಿಗಿಂತ ದೊಡ್ಡ ಅಪಾಯ. ಚರ್ಮ ಕೊಂಚ ಹುಳಿ ಗುಣದ್ದು, ಪಿಎಚ್ ಸುಮಾರು 5. ಸೋಪು 9ರಿಂದ 10, ಅಂದರೆ ಕ್ಷಾರ. ಕಡಲೆ ಹಿಟ್ಟು ಅಷ್ಟು ಕ್ಷಾರ ಅಲ್ಲ, ಜಿಡ್ಡನ್ನೂ ಹೀರುತ್ತದೆ. ಆದರೆ ಮುಖದ ಮೇಲೆ ಒಣಗಿ ಬಿರಿಯುವವರೆಗೆ ಬಿಟ್ಟು ತಿಕ್ಕಿ ತೆಗೆದರೆ ಒರಟು ಮರಳು ಕಾಗದದ ಕೆಲಸ ಮಾಡುತ್ತದೆ.

ಹೊಟ್ಟೆಯ ಮೇಲಿನ ಸ್ಟ್ರೆಚ್ ಮಾರ್ಕ್ಸ್‌ಗೆ ಯಾವ ಎಣ್ಣೆಯೂ ಮದ್ದಲ್ಲ. ಅವು ಹುಟ್ಟುವುದು ಮೇಲ್ಪದರದ ಕೆಳಗೆ, ಚರ್ಮವನ್ನು ಹಿಡಿದಿಟ್ಟ ಎಳೆಗಳು ಹರಿದಾಗ. 2012ರಲ್ಲಿ ಕೊಕ್ರೇನ್ ಸಂಸ್ಥೆ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕೋಕೋ ಬಟರ್, ಆಲಿವ್ ಎಣ್ಣೆ ಯಾವುದಕ್ಕೂ ಇದನ್ನು ತಡೆಯುವ ಪುರಾವೆ ಸಿಗಲಿಲ್ಲ. ನಿಮ್ಮ ಅವ್ವನಿಗೆ ಬಂದಿದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ, ಅಷ್ಟೇ. ಕೇಸರಿ ಹಾಲಿನಿಂದ ಮಗು ಕೆಂಪಗೆ ಹುಟ್ಟುವುದೂ ಇಲ್ಲ, ಬಣ್ಣ ಬರುವುದು ಅಪ್ಪ-ಅವ್ವನ ಜೀನುಗಳಿಂದ. ಕುಬಸಕ್ಕೆ ಮದರಂಗಿ ಹಾಕಿಸಿಕೊಳ್ಳಿ, ಆದರೆ ಅರ್ಧ ತಾಸಿನಲ್ಲಿ ಕಪ್ಪಗೆ ಹತ್ತುವ ಕೋನ್ ಬೇಡ. ನಿಜವಾದ ಮದರಂಗಿ ನಿಧಾನಕ್ಕೆ ಕೆಂಪಾಗುತ್ತದೆ. ಕಪ್ಪಿನಲ್ಲಿ ಕೂದಲಿಗೆ ಹಾಕುವ ಬಣ್ಣ ಬೆರೆತಿರುತ್ತದೆ, ಬೊಕ್ಕೆ ಏಳುತ್ತವೆ.

ಇಷ್ಟೆಲ್ಲ ಚೆಂದದ ಮಾತಾಯಿತು. ನಾನು ನಿಜಕ್ಕೂ ಹೇಳಬೇಕೆಂದು ಕೂತದ್ದು ತಿಂಡಿಯ ಬಗ್ಗೆ. ಬೆಂಗಳೂರಿನವರು ತಿಂಡಿ ಅಂದರೆ ಇಡ್ಲಿ-ದೋಸೆ ಅಂದುಕೊಳ್ಳುತ್ತಾರೆ, ನಮ್ಮ ಕಡೆ ಅದು ತುರಿಕೆ.

ಬಸುರಿಯರ ಹೊಟ್ಟೆ ತಿಂಡಿ ಬಿಡುವುದು ಸಾಮಾನ್ಯ. ಚರ್ಮ ಹಿಗ್ಗಿ ಒಣಗಿರುತ್ತದೆ, ಎಣ್ಣೆ ಹಚ್ಚಿದರೆ ಸಮಾಧಾನ. ಚೊಚ್ಚಲಲ್ಲಿ ಕೊನೆಯ ವಾರಗಳಲ್ಲಿ ಕೆಲವರಿಗೆ ಹೊಟ್ಟೆಯ ಗೆರೆಗಳ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಕಾಟ ಕೊಡುತ್ತವೆ, ಅಪಾಯವಿಲ್ಲ. ಆದರೆ ನಮ್ಮ ವೈನಿಗೆ ಎಂಟನೇ ತಿಂಗಳಲ್ಲಿ ಬಂದ ತಿಂಡಿಯ ರೀತಿಯೇ ಬೇರೆ. ಮೈ ಮೇಲೆ ಒಂದು ಗುಳ್ಳೆ ಇಲ್ಲ. ಹಗಲು ತಡೆಯುವಂತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಅಂಗೈ, ಅಂಗಾಲು. ಹಾಸಿದ್ದ ನವಲಗುಂದದ ಜಮಖಾನೆಯ ಅಂಚಿಗೆ ಅಂಗಾಲು ತಿಕ್ಕಿ ತಿಕ್ಕಿ, ಬೆಳಗ್ಗೆ ನೋಡಿದರೆ ಅಂಚಿನ ನೂಲು ಎದ್ದಿತ್ತು, ಅಂಗಾಲು ಕೆಂಪಾಗಿತ್ತು. "ಕೂಸಿಗೆ ಕೂದಲಾ ಬರಾಕತ್ತಾವ, ಅದಕ್ಕ" ಎಂದರು ಮನೆಯ ಹಿರಿಯರು. ಕೊಬ್ಬರಿ ಎಣ್ಣೆ, ಬೇವಿನೆಲೆ ನೀರು, ಎಲ್ಲ ಆಯಿತು. ಹತ್ತು ದಿನ ಹಾಗೇ ಹೋಯಿತು.

ಅದು ಚರ್ಮದ ತೊಂದರೆಯೇ ಅಲ್ಲ, ಯಕೃತ್ತಿನದು. ಬಸುರಿನ ಹಾರ್ಮೋನುಗಳು ಕೆಲವರಲ್ಲಿ ಪಿತ್ತರಸ ಹೊರಹೋಗುವ ದಾರಿಯನ್ನು ನಿಧಾನ ಮಾಡುತ್ತವೆ. ಕರುಳಿಗೆ ಹೋಗಬೇಕಾದ ಪಿತ್ತ ಆಮ್ಲಗಳು ರಕ್ತಕ್ಕೆ ಸೇರುತ್ತವೆ, ಆಗ ಈ ತಿಂಡಿ. ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ಶುರು. ಮೂತ್ರ ಗಾಢ ಬಣ್ಣಕ್ಕೆ ತಿರುಗಬಹುದು. ತಾಯಿಗೆ ನಿದ್ದೆಗೆಟ್ಟೀತು, ಆದರೆ ಭಯ ಮಗುವಿನದು. ಅವಧಿಗೆ ಮೊದಲೇ ಹೆರಿಗೆಯಾಗಬಹುದು. ರಕ್ತದಲ್ಲಿ ಪಿತ್ತ ಆಮ್ಲ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸ್ಪಷ್ಟವಾಗಿ ಏರುತ್ತದೆ. ಅದಕ್ಕಿಂತ ಕಡಿಮೆ ಇದ್ದವರನ್ನು ವೈದ್ಯರು ಮತ್ತೆ ಮತ್ತೆ ಪರೀಕ್ಷಿಸುತ್ತ, ಹೆರಿಗೆಯ ದಿನವನ್ನು ಅದರ ಮೇಲೆ ನಿಶ್ಚಯಿಸುತ್ತಾರೆ. ಬೇಕಾದದ್ದು ಪಿತ್ತ ಆಮ್ಲ ಮತ್ತು ಲಿವರ್‌ನ ರಕ್ತ ಪರೀಕ್ಷೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಬಸುರಿಯರು ಇದರಲ್ಲಿ ಸುಲಭವಾಗಿ ಮೋಸ ಹೋಗಬಹುದು. ಅಂಗೈ ಉರಿಗೆ ಅವರ ಹತ್ತಿರ ಕಾರಣ ತಯಾರಿರುತ್ತದೆ. ಮೆಣಸಿನಕಾಯಿ ಅಂಗಾಲಿಗೆ ಹತ್ತುವುದಿಲ್ಲ ಎಂಬುದನ್ನು ನೆನಪಿಸಬೇಕು.

ವೈನಿಯನ್ನು ಕೊನೆಗೂ ಡಾಕ್ಟರ್ ಹತ್ತಿರ ಕರೆದೊಯ್ದದ್ದು ಕಾಲಿನ ಗಾಯ ತೋರಿಸಲು. ಡಾಕ್ಟರಮ್ಮ ಗಾಯ ನೋಡಲೇ ಇಲ್ಲ. "ರಾತ್ರಿ ಜಾಸ್ತಿ ಏನವಾ? ಅಂಗೈಗೂ ಐತೇನು?" ಎಂದು ಕೇಳಿ, ಹೂಂ ಅಂದ ಕೂಡಲೇ ರಕ್ತ ಪರೀಕ್ಷೆಗೆ ಬರೆದರು. 37ನೇ ವಾರದಲ್ಲಿ ಹೆರಿಗೆ ಮಾಡಿಸಿದರು, ಹೆಣ್ಣುಕೂಸು. ಎರಡನೇ ರಾತ್ರಿ ವೈನಿ ಕಾಲು ಚಾಚಿ ಮಲಗಿದವಳು ಕೂಸು ಅಳುವತನಕ ಏಳಲಿಲ್ಲ. ಕೂಸಿನ ತಲೆಯಲ್ಲಿ ಕೂದಲು, ಎಣಿಸಿದರೆ ಹತ್ತಿಪ್ಪತ್ತು ಇದ್ದವೇನೋ.