ಊಪ್ಸ್ ಕಲಿಯುವವರಿಗೆ ಮೊದಲು ಮೆಸ್ ಲೆಕ್ಕ

ಪುಣೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಎರಡನೇ ವರ್ಷದಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಅಂದರೆ ಡೇಟಾ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಕಟ್ಟಿ ಪ್ರೋಗ್ರಾಂ ಬರೆಯುವ ರೀತಿ, ಎದುರಾಗುತ್ತದೆ. ಹುಡುಗರ ಬಾಯಲ್ಲಿ ಅದು ಊಪ್ಸ್. ಪಾಠ ಶುರುವಾಗುವ ಮೊದಲೇ ಸೀನಿಯರ್‌ಗಳು ನೋಟ್ಸ್ ದಾಟಿಸಿರುತ್ತಾರೆ: ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ, ಒಂದೊಂದಕ್ಕೂ ಎರಡು ಸಾಲು. ವೈವಾದಲ್ಲಿ ಅಷ್ಟು ಒಪ್ಪಿಸಿದರೆ ಪಾಸು. ಪ್ರೋಗ್ರಾಂ ಬರೆಯಲು ಕೂತರೆ ಮಾತ್ರ ಅದು ಯಾವುದೂ ಕೈ ಹಿಡಿಯುವುದಿಲ್ಲ.

ಅದಕ್ಕೇ ಪಾಠ ಹೇಳುವ ನಾನು ಮೊದಲ ವಾರ ಮೆಸ್ ಲೆಕ್ಕ ಹಿಡಿಯುತ್ತೇನೆ. ಸೋಲಾಪುರ, ಅಕ್ಕಲಕೋಟೆ, ವಿಜಯಪುರದಿಂದ ಬಂದು ಇಲ್ಲಿ ರೂಮು ಮಾಡಿರುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಡ್ಡು ಮುಂಗಡ, ತಿಂಗಳಿಗೆ 60 ಊಟ. ಊರಿಗೆ ಹೋಗುವಾಗ ಮೊದಲೇ ಹೇಳಿದರೆ ಖಾಡಾ, ಅಂದರೆ ಆ ದಿನದ ಊಟ ಲೆಕ್ಕದಿಂದ ಕಳೆಯುವುದಿಲ್ಲ.

ಮೊದಲು ಸಿ ಭಾಷೆಯಲ್ಲಿ ಬರೆಸುತ್ತೇನೆ. 'ಬಾಕಿ', ಅಂದರೆ ಉಳಿದ ಊಟಗಳ ಸಂಖ್ಯೆಯನ್ನು ಮಧ್ಯಾಹ್ನದ ಊಟದ ಫಂಕ್ಷನ್ (ಒಂದು ಕೆಲಸ ಮಾಡುವ ಪ್ರೋಗ್ರಾಂ ತುಂಡು) ಮುಟ್ಟುತ್ತದೆ, ರಾತ್ರಿಯದೂ ಮುಟ್ಟುತ್ತದೆ, ಪಾರ್ಸಲ್‌ನದೂ ಮುಟ್ಟುತ್ತದೆ. ಪಾರ್ಸಲ್ ಬರೆದವನು ಬಾಕಿ ಸೊನ್ನೆಯಾಗಿದೆಯೇ ಎಂದು ನೋಡುವುದನ್ನು ಮರೆತಿರುತ್ತಾನೆ. ಬಾಕಿ ಮೈನಸ್ 3 ಆಗುತ್ತದೆ. ಎಲ್ಲಿ ತಪ್ಪಿತು? ಇಡೀ ಪ್ರೋಗ್ರಾಂ ಜಾಲಾಡಬೇಕು.

ಈಗ ಅದನ್ನೇ ಒಂದು ಕ್ಲಾಸಿನೊಳಗೆ ಹಾಕಿ, ಅಂದರೆ ಡೇಟಾ ಮತ್ತು ಅದನ್ನು ಮುಟ್ಟುವ ಫಂಕ್ಷನ್‌ಗಳನ್ನು ಒಂದೇ ಅಚ್ಚಿನಲ್ಲಿ ಇಡಿ. ಆ ಅಚ್ಚಿನಿಂದ ಮಾಡಿದ್ದು ಆಬ್ಜೆಕ್ಟ್. 'ಬಾಕಿ' ಪ್ರೈವೇಟ್. ಹೊರಗಿನವರು 'ಊಟಮಾಡು', 'ಖಾಡಾಹಾಕು' ಅಂತ ಕೇಳಬಹುದು, ಅಷ್ಟೇ. ಸೊನ್ನೆಯ ತಪಾಸಣೆ ಒಳಗೆ ಒಂದೇ ಕಡೆ. ಇನ್ನು ಲೆಕ್ಕ ತಪ್ಪಿದರೆ ಹುಡುಕಬೇಕಾದ್ದು ಆ ಕ್ಲಾಸಿನ ಹತ್ತಿಪ್ಪತ್ತು ಸಾಲು ಮಾತ್ರ. ಎನ್‌ಕ್ಯಾಪ್ಸುಲೇಷನ್‌ನಿಂದ ಆಗುವ ಲಾಭ ಇದೇ. ಡೇಟಾ ಬಚ್ಚಿಡುವುದು ಅಂತ ಉರು ಹೊಡೆದವರು ಮುಂದಿನ ಲ್ಯಾಬಿನಲ್ಲೇ ಪ್ರತಿಯೊಂದಕ್ಕೂ ಸೆಟ್ಟರ್ (ಒಳಗಿನ ಡೇಟಾ ಬದಲಿಸುವ ಫಂಕ್ಷನ್) ಹಾಕಿಬಿಡುತ್ತಾರೆ. ಗುಂಡಿ ಒತ್ತಿದರೆ ಎಡಿಟರ್ ಬರೆದುಕೊಡುತ್ತದಲ್ವಾ! 'ಬಾಕಿಇಡು' ಅನ್ನುವ ಸೆಟ್ಟರ್ ಯಾರು ಬೇಕಾದರೂ ಕರೆಯುವಂತಿದ್ದರೆ ಪ್ರೈವೇಟ್ ಅಂತ ಬರೆದದ್ದು ಸುಮ್ನೆ.

ಆಬ್ಜೆಕ್ಟ್‌ಗಳು ಹುಟ್ಟಿದ್ದು ಕೂಡ ಇಂಥ ಕೆಲಸಕ್ಕೇ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಓಲೆ ಯೋಹಾನ್ ಡಾಲ್ ಸಿಮ್ಯುಲಾ ಭಾಷೆ ಕಟ್ಟಿದರು. ತಮ್ಮ ತಮ್ಮ ಸ್ಥಿತಿ ಇಟ್ಟುಕೊಂಡು ಓಡುವ ಹಲವು ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ಅವರ ಗುರಿ. ಕ್ಲಾಸ್ ಬಂದದ್ದು ಸಿಮ್ಯುಲಾ 67ರಲ್ಲಿ. ಅದನ್ನು ಮೆಚ್ಚಿಕೊಂಡ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೇ ಕ್ಲಾಸ್ ಸೇರಿಸಲು ಹೊರಟರು. 1983ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬಂತು. ಒಂದೇ ಭಾಷೆಯಲ್ಲಿ ಎರಡು ಭಾಷೆ ಕಲಿತ ಹಾಗೆ ಅನಿಸಿದರೆ ಕಾರಣ ಇದು.

ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆಯುವುದು, ನಾನು ಕೊನೆಗೆ ಹೇಳುತ್ತೇನೆ. ನಾಯಿ ಒಂದು ಪ್ರಾಣಿ ಅನ್ನುವ ಪಾಠ ಕೇಳಿ ಬಂದವರು ಮೆಸ್‌ಗೂ 'ಸದಸ್ಯ', ಅದರ ಕೆಳಗೆ 'ತಿಂಗಳಸದಸ್ಯ', 'ಬಿಡಿಊಟದಸದಸ್ಯ' ಅಂತ ಕ್ಲಾಸ್ ಬರೆದು ಖುಷಿಪಡುತ್ತಾರೆ. ತಿಂಗಳ ಮಧ್ಯೆ ಹುಡುಗನೊಬ್ಬ ಬಿಡಿ ಊಟಕ್ಕೆ ಬದಲಾಯಿಸಿದರೆ? ಸಿ ಪ್ಲಸ್ ಪ್ಲಸ್‌ನಲ್ಲಾಗಲಿ ಜಾವಾದಲ್ಲಾಗಲಿ ಆಬ್ಜೆಕ್ಟ್ ಒಮ್ಮೆ ಹುಟ್ಟಿದ ಮೇಲೆ ತನ್ನ ಕ್ಲಾಸ್ ಬದಲಿಸಲಾರದು. ಹಳೆಯ ಸದಸ್ಯನನ್ನು ಅಳಿಸಿ, ಹೊಸಬನನ್ನು ಮಾಡಿ, ಲೆಕ್ಕ ನಕಲಿಸಬೇಕು. ಬದಲು 'ಸದಸ್ಯ'ನೊಳಗೆ 'ಯೋಜನೆ' ಅನ್ನುವ ಬೇರೆ ಆಬ್ಜೆಕ್ಟ್ ಇಟ್ಟರೆ ಅದೊಂದನ್ನೇ ಬದಲಿಸಿದರೆ ಮುಗಿಯಿತು. ಊಟದ ದರವನ್ನು ಆ ಯೋಜನೆಯನ್ನೇ ಕೇಳಿ. ತಿಂಗಳಿನದು ಒಂದು ದರ ಹೇಳುತ್ತದೆ, ಬಿಡಿಯದು ಇನ್ನೊಂದು. ಪಾಲಿಮಾರ್ಫಿಸಂ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ಸಿ ಪ್ಲಸ್ ಪ್ಲಸ್‌ನಲ್ಲಿ ತಾಯಿ ಕ್ಲಾಸ್ ಆದ 'ಯೋಜನೆ'ಯ 'ದರ' ಫಂಕ್ಷನ್ ಮುಂದೆ ವರ್ಚುಯಲ್ ಅಂತ ಹಾಕಬೇಕು. ಮರೆತು, ತಾಯಿ ಕ್ಲಾಸಿನ ಪಾಯಿಂಟರ್ (ಆಬ್ಜೆಕ್ಟ್ ಇರುವ ಜಾಗದ ವಿಳಾಸ) ಮೂಲಕ ಕರೆದರೆ ತಾಯಿಯ ಫಂಕ್ಷನ್ನೇ ಓಡುತ್ತದೆ. ಅದರಲ್ಲಿ ದರ ಸೊನ್ನೆ ಇದ್ದರೆ ಊರಿಗೆಲ್ಲ ಪುಕ್ಕಟೆ ಊಟ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸಾಮಾನ್ಯವಾಗಿ ತುಟಿಪಿಟಕ್ ಅನ್ನುವುದಿಲ್ಲ.

'ಸರ್, ಇದೆಲ್ಲ ಪೈಥಾನ್‌ನಲ್ಲಿ ಸಲೀಸು ಅಲ್ವಾ?' ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಬರೆಯುವುದು ಸಲೀಸು, ನಿಜ. ಆದರೆ ಅಲ್ಲಿ ಹೆಸರಿನ ಶುರುವಿಗೆ ಅಂಡರ್‌ಸ್ಕೋರ್ (ಅಡಿಗೆರೆ) ಹಾಕಿದರೆ 'ಇದನ್ನು ಮುಟ್ಟಬೇಡಿ' ಅನ್ನುವ ವಿನಂತಿ ಮಾತ್ರ, ಮುಟ್ಟಿದರೆ ತಡೆಯುವವರಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೈವೇಟ್ ಬಾಕಿಗೆ ಹೊರಗಿನಿಂದ ಕೈ ಹಾಕಿದರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ. ಹೊಸಬರಿಗೆ ಕಂಪೈಲರ್‌ನ ಆ ಬೈಗುಳ ಊಪ್ಸ್‌ನ ಮೊದಲ ಸೆಮಿಸ್ಟರಿನಲ್ಲೇ ಜಾಸ್ತಿ ಸಿಗಲಿ ಅನ್ನುವುದು ನನ್ನ ಅಭಿಪ್ರಾಯ.