ಗಾಜಿನ ಮನೆಯಲ್ಲಿ ಗಿಡಗಳೇ ಇಲ್ಲವಲ್ಲ, ಯಾಕೆ?

ಪ್ರಶ್ನೆ: ಲಾಲ್‌ಬಾಗಿಗೆ ಹೋಗಿದ್ದೆವು. ಗಾಜಿನ ಮನೆ ಖಾಲಿ ಹೊಡೆಯುತ್ತಿತ್ತು. ಯಾವಾಗ ಹೋದರೆ ಒಳಗೆ ಗಿಡಗಳಿರುತ್ತವೆ?

ಜನವರಿ ಮತ್ತು ಆಗಸ್ಟ್‌ನಲ್ಲಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವಾಗ ಹೋಗಿ. ರಜೆಯ ದಿನ ಬೇಡ, ವಾರದ ನಡುವೆ ಬೆಳಿಗ್ಗೆಯೇ ಹೋಗಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಬಂದರೆ ಗಾಡಿ ನಿಲ್ಲಿಸುವ ತಲೆನೋವಿಲ್ಲ.

ಇಷ್ಟು ಹೇಳಿದ ಮೇಲೂ ಮತ್ತೆ ಮತ್ತೆ ಬರುವ ಮಾತು ಒಂದಿದೆ: "ಗಿಡ ಬೆಳೆಸಲು ಕಟ್ಟಿದ ಗಾಜಿನ ಮನೆಯನ್ನು ಹಾಳು ಬಿಟ್ಟಿದ್ದಾರೆ." ಇಲ್ಲ, ಅದನ್ನು ಗಿಡ ಬೆಳೆಸಲು ಕಟ್ಟಿದ್ದೇ ಅಲ್ಲ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ, ತೋಟದ ಮೇಲ್ವಿಚಾರಕ ಜಾನ್ ಕ್ಯಾಮರೂನ್ ಕಾಲದ ಈ ಕಟ್ಟಡ ಮೊದಲಿನಿಂದಲೂ ಪ್ರದರ್ಶನದ ಚಪ್ಪರ. "ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದಲ್ಲವೇ" ಎಂದು ವಾದಿಸುವವರು ಒಂದು ಗಳಿಗೆ ಯೋಚಿಸಬೇಕು. 1851ರ ಆ ಕ್ರಿಸ್ಟಲ್ ಪ್ಯಾಲೇಸ್ ಕೂಡ ಯಂತ್ರ, ಬಟ್ಟೆ, ಒಡವೆಗಳನ್ನು ತೋರಿಸಲು ಎಬ್ಬಿಸಿದ ಕಟ್ಟಡವೇ.

ನಿಜವಾಗಿ ಗಿಡಗಳಿಗೆಂದೇ ಕಟ್ಟಿದ ಗಾಜಿನ ಮನೆ ಬೇಕಿದ್ದರೆ ಲಂಡನ್ನಿನ ಕ್ಯೂ ಉದ್ಯಾನದ ಪಾಮ್ ಹೌಸ್ ನೋಡಿ. 1848ರಲ್ಲಿ ಮುಗಿದ ಅದರ ನೆಲದಡಿಯಲ್ಲಿ ಬಾಯ್ಲರ್‌ಗಳಿದ್ದವು. ಅವುಗಳ ಶಾಖ ನೆಲದ ಕಬ್ಬಿಣದ ಜಾಲರಿಗಳಿಂದ ಮೇಲೇರುತ್ತಿತ್ತು, ಹೊಗೆ ಸುರಂಗದ ಮೂಲಕ ದೂರದ ಗೋಪುರಕ್ಕೆ ಹೋಗುತ್ತಿತ್ತು. ಹಿಮ ಬೀಳುವ ಊರಿನಲ್ಲಿ ತಾಳೆ ಬದುಕಬೇಕಾದರೆ ಇಷ್ಟೆಲ್ಲ ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಕ್ಯೂನಲ್ಲಿ ಗಾಜಿನೊಳಗಿರುವ ತಾಳೆ, ಬಾಳೆ ನಮ್ಮಲ್ಲಿ ಬಯಲಲ್ಲೇ ನಿಂತಿವೆ. ಲಾಲ್‌ಬಾಗ್‌ನ ಸಸ್ಯ ಸಂಪತ್ತನ್ನು ನೋಡುವ ಆಸೆಯಿದ್ದವರು ಗಾಜಿನ ಮನೆಗೆ ಬೆನ್ನು ಹಾಕಿ ನಡೆಯಬೇಕು: ಗೋಡೆಯಂತೆ ಬೇರು ಚಾಚಿದ ಬಿಳಿ ಬೂರುಗದ ಬುಡದಲ್ಲಿ ಒಮ್ಮೆ ನಿಂತು ನೋಡಿ.

ಇಷ್ಟರಲ್ಲೇ ಇನ್ನೊಂದನ್ನೂ ಹೇಳಿಬಿಡುವುದು ಒಳ್ಳೆಯದು. ಗಾಜಿನ ಮನೆ ನೋಡಿ ಬಂದು ತಾರಸಿಯ ಮೇಲೆ ಚಿಕ್ಕದೊಂದು ಕಟ್ಟಿಸುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಲು ಗಾಜು ದಾಟಿ ನೆಲ, ಕುಂಡಗಳನ್ನು ಕಾಯಿಸುತ್ತದೆ, ಅವುಗಳಿಂದ ಗಾಳಿ ಕಾಯುತ್ತದೆ, ಕಾದ ಗಾಳಿಗೆ ಹೊರದಾರಿ ಸಿಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಎಲೆಯಂಚು ಸುಟ್ಟು ಕಂದಾಗುತ್ತದೆ; ನೀರು ಸಾಲದೆಂದು ಇನ್ನಷ್ಟು ಸುರಿದರೆ ಬೇರು ಕೊಳೆಯುತ್ತದೆ. ನಮ್ಮ ಗಿಡಗಳಿಗೆ ಬೇಕಾದದ್ದು ನೆರಳು. ಜರೀಗಿಡಕ್ಕೆ ಶೇ 50ರ ಶೇಡ್ ನೆಟ್, ಅಂದರೆ ಬಿಸಿಲಿನ ಅರ್ಧ ಭಾಗ ತಡೆಯುವ ನೆರಳು ಬಲೆ; ಆಂಥೂರಿಯಂಗೆ ಶೇ 75ರದ್ದು. ನೆಟ್ಟನ್ನು ಆಳೆತ್ತರಕ್ಕಿಂತ ಮೇಲೆ ಬಿಗಿಯಾಗಿ ಕಟ್ಟಿ, ಪಕ್ಕಗಳನ್ನು ಗಾಳಿಗೆ ತೆರೆದೇ ಬಿಡಿ. ಪಶ್ಚಿಮದ ಬದಿಗೆ ಮಾತ್ರ ಒಂದು ಪರದೆ ಇಳಿಬಿಟ್ಟರೆ ಸಂಜೆಯ ಬಿಸಿಲನ್ನೂ ತಡೆಯುತ್ತದೆ.